ಓತಿಕ್ಯಾತದ ಭ್ರೂಣ: ಮೊಟ್ಟೆಯಿಂದ ಸ್ಲೈಡಿನವರೆಗೆ, ಒಂದೂ ಸೆಕ್ಷನ್ ಕಳೆಯದ ಹಾಗೆ

ಭ್ರೂಣದಲ್ಲಿ ಅಂಗಗಳು ಹೇಗೆ ಮೂಡುತ್ತವೆ ಎಂದು ನೋಡಲು ಹೊರಟವರಿಗೆ ನಮ್ಮ ಕಡೆ ಓತಿಕ್ಯಾತಕ್ಕಿಂತ ಅನುಕೂಲದ ಸರೀಸೃಪ ಇನ್ನೊಂದಿಲ್ಲ. ಮಳೆಗಾಲದಲ್ಲಿ ಮಣ್ಣು ಕೆದಕಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ, ಒಂದೇ ಸಲಕ್ಕೆ ಹತ್ತಕ್ಕೂ ಹೆಚ್ಚು. ಇದರ ಬೆಳವಣಿಗೆಯನ್ನು 42 ಹಂತಗಳಾಗಿ ವಿಂಗಡಿಸಿದ ಪಟ್ಟಿಯನ್ನು ಮುತ್ತುಕ್ಕರುಪ್ಪನ್ ಮತ್ತು ಸಂಗಡಿಗರು 1970ರಲ್ಲೇ ಪ್ರಕಟಿಸಿದ್ದಾರೆ. ಮೊಟ್ಟೆ ನೆಲಕ್ಕೆ ಬೀಳುವಾಗಲೇ ಒಳಗಿನ ಭ್ರೂಣ ಸುಮಾರು 27ನೇ ಹಂತದಲ್ಲಿರುತ್ತದೆ. ಹೃದಯ ಬಡಿಯುತ್ತಿರುತ್ತದೆ, ಮೆದುಳಿನ ಉಬ್ಬುಗಳು ಎದ್ದಿರುತ್ತವೆ. ಆದರೆ ಗೊನ್ಯಾಡ್, ಅಂದರೆ ಮುಂದೆ ವೃಷಣವೋ ಅಂಡಾಶಯವೋ ಆಗಬೇಕಾದ ಗ್ರಂಥಿ, ಇನ್ನೂ ಯಾವ ಕಡೆಗೂ ವಾಲಿರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಗೊನ್ಯಾಡ್ ಮತ್ತು ಅದಕ್ಕೆ ಅಂಟಿಕೊಂಡೇ ಇರುವ ಭ್ರೂಣದ ಮೂತ್ರಪಿಂಡವನ್ನು ಗುರಿಯಾಗಿಟ್ಟುಕೊಂಡಿದ್ದೇವೆ. ಹೃದಯ, ಶ್ವಾಸಕೋಶಗಳಿಗೂ ವಿಧಾನ ಇದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಭ್ರೂಣದ ಅಂಗವನ್ನು ಒಂದು ಚೆಂದದ ಸೆಕ್ಷನ್ನಿನಲ್ಲಿ, ಅಂದರೆ ಮೇಣ ತುಂಬಿ ಕತ್ತರಿಸಿದ ಒಂದು ತೆಳು ಹೋಳಿನಲ್ಲಿ, ಓದಲು ಬರುವುದಿಲ್ಲ. ತಲೆಯಿಂದ ಬಾಲದವರೆಗೆ ಸಾಲಾಗಿ ಬಂದ ಸೆಕ್ಷನ್‌ಗಳ ಕ್ರಮವೇ ನಿಮ್ಮ ದತ್ತಾಂಶ. ಬಣ್ಣ ಮಂಕಾದರೆ ಮತ್ತೆ ಹಚ್ಚಬಹುದು, ಕ್ರಮ ತಪ್ಪಿದರೆ ಆ ಭ್ರೂಣ ಹೋಯಿತು ಅಂತಲೇ ಲೆಕ್ಕ.

ಮೊಟ್ಟೆ ಎತ್ತುವುದು, ಇಡುವುದು

ಅರಣ್ಯ ಇಲಾಖೆಯ ಲಿಖಿತ ಅನುಮತಿ ಮತ್ತು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿಲ್ಲದೆ ಮಣ್ಣಿಗೆ ಕೈ ಹಾಕಬೇಡಿ. ಓತಿಕ್ಯಾತ ಎಲ್ಲ ಬೇಲಿಗಳಲ್ಲೂ ಸಿಗುತ್ತದೆ ಎಂಬುದು ಕಾಗದಪತ್ರ ಬಿಡಲು ನೆಪವಾಗದು.

ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ಚರ್ಮಕಾಗದದ ಹಾಗೆ ಬಾಗುತ್ತದೆ. ಮಣ್ಣಿನಿಂದ ತೇವ ಹೀರಿ ದಿನೇದಿನೇ ಉಬ್ಬುತ್ತದೆ, ತೇವ ಕಡಿಮೆಯಾದರೆ ಒಂದು ಕಡೆ ಗುಳಿ ಬೀಳುತ್ತದೆ. ಎತ್ತುವ ಮೊದಲು ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಮೆತ್ತನೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ, ಆ ಚುಕ್ಕೆ ಕೊನೆಯವರೆಗೂ ಮೇಲೇ ಇರಲಿ. ಭ್ರೂಣದ ಪೊರೆಗಳು ಸಿಪ್ಪೆಯ ಒಳಮೈಗೆ ಅಂಟತೊಡಗಿದ ಮೇಲೆ ಮೊಟ್ಟೆ ಹೊರಳಿದರೆ ಹಳದಿಯ ಭಾರ ಭ್ರೂಣದ ಮೇಲೆ ಬಿದ್ದು ರಕ್ತನಾಳ ಹರಿಯಬಹುದು.

ತೊಳೆದು ಒಣಗಿಸಿದ ಮರಳು ಅಥವಾ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಪುಡಿ) ಸಾಕು. ವರ್ಮಿಕ್ಯುಲೈಟ್ ಆದರೆ ತೂಕಕ್ಕೆ ಸಮ ನೀರು. ಅರ್ಧ ಹೂತು, ಮುಚ್ಚಳಕ್ಕೆ ಎರಡು ಮೂರು ತೂತು ಹೊಡೆದ ಡಬ್ಬಿಯಲ್ಲಿಡಿ. ಡಬ್ಬಿಯ ಒಟ್ಟು ತೂಕ ಬರೆದಿಟ್ಟುಕೊಂಡು, ಇಳಿದಷ್ಟು ನೀರನ್ನು ವಾರಕ್ಕೊಮ್ಮೆ ಅಂಚಿನಿಂದ ಸೇರಿಸಿ. ಮೊಟ್ಟೆಯ ಮೇಲೆಯೇ ನೀರು ಚಿಮುಕಿಸಿದರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದದ್ದನ್ನು ಕೂಡಲೇ ಬೇರೆ ಮಾಡಿ.

ಉಷ್ಣತೆಯ ದಾಖಲೆ ಇಲ್ಲಿ ಔಪಚಾರಿಕತೆ ಅಲ್ಲ. ಓತಿಕ್ಯಾತದಲ್ಲಿ ಮರಿ ಹೆಣ್ಣೋ ಗಂಡೋ ಎಂಬುದು ಕಾವಿನ ಉಷ್ಣತೆಯನ್ನು ಅವಲಂಬಿಸಿದೆ ಎಂದು ಕರ್ನಾಟಕದ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಉಷ್ಣತೆ ಏರಿದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ವಿಚಿತ್ರ ಸರದಿ ಅದರಲ್ಲಿ ಕಂಡಿತು. ಒಂದೆರಡು ಡಿಗ್ರಿ ಆಚೀಚೆಯಾದರೆ ನೀವು ನೋಡುವ ಗೊನ್ಯಾಡೇ ಬೇರೆಯಾಗಬಹುದು. ಮೊಟ್ಟೆಗಳ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಬರೆಯಿರಿ. ಇನ್‌ಕ್ಯುಬೇಟರಿನ ಮುಂದಿನ ಅಂಕಿಯನ್ನು ನಂಬಬೇಡಿ, ಅದು ಯಂತ್ರದ ಸೆನ್ಸರಿರುವ ಜಾಗದ ಲೆಕ್ಕ. ಕರೆಂಟು ಹೋದ ಹೊತ್ತನ್ನೂ ಬರೆಯಿರಿ.

ಭ್ರೂಣ ಹೊರತೆಗೆಯುವ ಐದು ನಿಮಿಷ

ಮುಂದಿನ ಎಲ್ಲದರ ಹಣೆಬರಹ ಇಲ್ಲಿ ನಿರ್ಧಾರವಾಗುತ್ತದೆ. ಮೇಜಿನ ಮೇಲೆ ಮೊದಲೇ ಸಿದ್ಧವಿರಬೇಕಾದವು: ತಳದಲ್ಲಿ ಕಪ್ಪು ಮೇಣ ಹಾಕಿದ ಪೆಟ್ರಿ ಡಿಶ್, 0.75 ಶೇಕಡಾ ಉಪ್ಪಿನ ದ್ರಾವಣ, ತುದಿ ಸಣ್ಣಗಿನ ಎರಡು ಫೋರ್ಸೆಪ್ಸ್, ಸಣ್ಣ ಕತ್ತರಿ, ಬಾಯಿ ಅಗಲ ಮಾಡಿ ಕತ್ತರಿಸಿದ ಪ್ಲಾಸ್ಟಿಕ್ ಡ್ರಾಪರ್, ಲೇಬಲ್ ಬರೆದಿಟ್ಟ ಶೀಶೆಗಳಲ್ಲಿ ಫಿಕ್ಸೇಟಿವ್, ಅಂದರೆ ಅಂಗಾಂಶ ಕೆಡದಂತೆ ಇದ್ದ ಹಾಗೇ ಹಿಡಿದಿಡುವ ದ್ರಾವಣ. ಲೇಬಲ್ ಪೆನ್ಸಿಲಿನಲ್ಲೇ ಬರೆದು ಶೀಶೆಯ ಒಳಗೂ ಒಂದು ಚೀಟಿ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಭ್ರೂಣಕ್ಕೇ ಬಣ್ಣ ಹಚ್ಚುತ್ತದೆ.

ಮೊಟ್ಟೆಯನ್ನು ದ್ರಾವಣದಲ್ಲಿ ಮುಳುಗಿಸಿ, ಚುಕ್ಕೆಯ ಪಕ್ಕದಲ್ಲಿ ಸಿಪ್ಪೆಯನ್ನು ಫೋರ್ಸೆಪ್ಸಿನಿಂದ ಮೇಲಕ್ಕೆತ್ತಿ ಚಿಕ್ಕ ಸೀಳು ಹಾಕಿ. ಕತ್ತರಿಯ ತುದಿ ಸಿಪ್ಪೆಗೆ ಸಮಾನಾಂತರವಾಗಿ ಓಡಲಿ, ಒಳಕ್ಕೆ ಇಳಿಯಬಾರದು. ಹಳದಿಯ ಚೀಲ ಒಡೆದರೆ ದ್ರಾವಣ ಹಾಲಿನಂತಾಗಿ ಏನೂ ಕಾಣುವುದಿಲ್ಲ. ಆಗ ಗಾಬರಿಯಿಂದ ತಡಕಾಡದೆ ದ್ರಾವಣವನ್ನೇ ಬದಲಿಸಿ. ಸಿಪ್ಪೆ ಮುಚ್ಚಳದಂತೆ ತೆರೆದ ಮೇಲೆ ರಕ್ತನಾಳಗಳ ಜಾಲದ ನಡುವೆ ಭ್ರೂಣ ಮಲಗಿರುವುದು ಕಾಣುತ್ತದೆ. ಸುತ್ತಲಿನ ಪೊರೆಯನ್ನು ವೃತ್ತಾಕಾರದಲ್ಲಿ ಕತ್ತರಿಸಿ ಡ್ರಾಪರಿನಿಂದ ಹೀರಿ ಹೊಸ ದ್ರಾವಣಕ್ಕೆ ಬಿಡಿ. ಕೈಕಾಲು ಆಡಿಸುವಷ್ಟು ಬೆಳೆದ ಭ್ರೂಣವಾದರೆ, ಸಮಿತಿ ಒಪ್ಪಿದ ವಿಧಾನದಲ್ಲಿ, ಸಾಮಾನ್ಯವಾಗಿ ಸೋಡಾ ಬೈಕಾರ್ಬೊನೇಟಿನಿಂದ ಆಮ್ಲೀಯತೆ ತೆಗೆದ ಟ್ರೈಕೇನ್ ದ್ರಾವಣದಲ್ಲಿ, ಮೊದಲು ಅರಿವಳಿಕೆ ಕೊಡಲೇಬೇಕು.

ಇನ್ನು ಎರಡು ಕೆಲಸ ಬಾಕಿ. ಒಂದು, ಭ್ರೂಣವನ್ನು ಸುತ್ತಿಕೊಂಡ ತೆಳ್ಳನೆಯ ಆಮ್ನಿಯಾನ್ ಪೊರೆಯನ್ನು ಹರಿದು ತೆಗೆಯುವುದು. ಅದನ್ನು ಬಿಟ್ಟರೆ ಫಿಕ್ಸೇಟಿವ್ ತಡವಾಗಿ ಇಳಿದು ಒಳಗಿನ ಕೋಶಗಳು ಊದಿಕೊಳ್ಳುತ್ತವೆ. ಎರಡು, ಹೊಕ್ಕುಳ ಬಳಿ ನೇತಾಡುವ ಹಳದಿಯನ್ನು ಬುಡದಲ್ಲೇ ಕತ್ತರಿಸುವುದು. ಹಳದಿ ಮೇಣದೊಳಗೆ ಗಾಜಿನ ಚೂರಿನಂತೆ ಗಡುಸಾಗುತ್ತದೆ, ಬ್ಲೇಡಿಗೆ ಸಿಕ್ಕು ಪಕ್ಕದ ಅಂಗಾಂಶವನ್ನೂ ಎಳೆದೊಯ್ಯುತ್ತದೆ. ಸೆಕ್ಷನ್ನಿನ ನಡುವೆ ಉದ್ದುದ್ದ ಗೀರು ಕಂಡರೆ ಎಷ್ಟೋ ಸಲ ದೋಷ ಬ್ಲೇಡಿನದ್ದಲ್ಲ, ಇದರದ್ದು.

ಫಿಕ್ಸ್ ಮಾಡುವ ಮೊದಲು ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಹಂತ ಗುರುತಿಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಕೈಕಾಲಿನ ಮೊಗ್ಗು, ಬೆರಳುಗಳ ಗೆರೆ, ಗಂಟಲ ಸೀಳುಗಳು, ಕಣ್ಣಿನ ಕಪ್ಪು, ಹುರುಪೆ, ಇವನ್ನೆಲ್ಲ ಒಟ್ಟಿಗೆ ನೋಡಿ ಹಂತ ನಿರ್ಧರಿಸಬೇಕು. ‘ಇಟ್ಟು 20 ದಿನ’ ಎಂದಷ್ಟೇ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. 25 ಡಿಗ್ರಿಯ 20 ದಿನವೂ 31 ಡಿಗ್ರಿಯ 20 ದಿನವೂ ಬೇರೆ ಬೇರೆ ಭ್ರೂಣ.

ಫಿಕ್ಸೇಟಿವ್

ಭ್ರೂಣಗಳಿಗೆ ಬೂಯಿನ್ ದ್ರಾವಣವನ್ನೇ ನಾವು ಮೊದಲು ಹೇಳುವುದು. ಕೋಶಕೇಂದ್ರದ ವಿವರ ಅದರಲ್ಲಿ ಚುರುಕಾಗಿ ಉಳಿಯುತ್ತದೆ, ಎಲುಬು ಆಗತಾನೇ ಗಟ್ಟಿಯಾಗುತ್ತಿದ್ದರೆ ಅಸಿಟಿಕ್ ಆಮ್ಲ ಅಷ್ಟಿಷ್ಟು ಸುಣ್ಣವನ್ನೂ ಕರಗಿಸುತ್ತದೆ. ಅಳತೆ: ಪಿಕ್ರಿಕ್ ಆಮ್ಲದ ಪರ್ಯಾಪ್ತ ದ್ರಾವಣ 75 ಮಿ.ಲೀ., ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ 25 ಮಿ.ಲೀ., ಗ್ಲೇಸಿಯಲ್ ಅಸಿಟಿಕ್ ಆಮ್ಲ 5 ಮಿ.ಲೀ. ಆಮ್ಲವನ್ನು ಬಳಸುವ ದಿನವೇ ಸೇರಿಸಿ. ಭ್ರೂಣದ ಗಾತ್ರಕ್ಕೆ ಕನಿಷ್ಠ 20 ಪಾಲು ದ್ರಾವಣ ಬೇಕು. 18ರಿಂದ 24 ಗಂಟೆ ಸಾಕು. ಬೆಳೆದ ಭ್ರೂಣವಾದರೆ ಕತ್ತಿನಲ್ಲಿ ಮತ್ತು ಬಾಲದ ಬುಡದ ಹಿಂದೆ ಕತ್ತರಿಸಿ ಮುಂಡವನ್ನಷ್ಟೇ ಹಾಕಿ, ಇಲ್ಲವಾದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ರೊಟ್ಟಿಯ ಕತೆ.

ಪಿಕ್ರಿಕ್ ಆಮ್ಲದ ಬಗ್ಗೆ ಎಚ್ಚರ. ಒಣಗಿದರೆ ಅದು ಸ್ಫೋಟಕ. ಬಾಟಲಿಯಲ್ಲಿ ಯಾವಾಗಲೂ ನೀರು ನಿಂತಿರಬೇಕು, ಬಿರಡೆಯ ಸುತ್ತ ಹರಳು ಕಟ್ಟಿದ ಹಳೆಯ ಬಾಟಲಿಯನ್ನು ತಿರುಗಿಸಿ ತೆರೆಯಲು ಹೋಗದೆ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಫಾರ್ಮಲಿನ್ ಕೆಲಸವೆಲ್ಲ ಹೊಗೆಗೂಡಿನ (ಫ್ಯೂಮ್ ಹುಡ್) ಒಳಗೇ ಆಗಲಿ.

ಹಳದಿ ಬಣ್ಣ ಹೋಗುವವರೆಗೆ 70 ಶೇಕಡಾ ಆಲ್ಕೋಹಾಲಿನಲ್ಲಿ ತೊಳೆಯಿರಿ. ದಿನಕ್ಕೆ ಎರಡು ಸಲ ಬದಲಿಸಿದರೆ ಎರಡು ಮೂರು ದಿನ ಹಿಡಿಯುತ್ತದೆ. ಲೀಥಿಯಂ ಕಾರ್ಬೊನೇಟಿನ ಪರ್ಯಾಪ್ತ ದ್ರಾವಣದ ಕೆಲವು ಹನಿ ಸೇರಿಸಿದರೆ ಬೇಗ. ಹಳದಿ ಉಳಿದರೆ ಮುಂದೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಮರಿ ಹೊರಬರುವ ಹೊತ್ತಿನ ಭ್ರೂಣಗಳಲ್ಲಿ ಎಲುಬು ನಿಜವಾಗಿ ಗಟ್ಟಿಯಾಗಿರುತ್ತದೆ. ಅವನ್ನು ನೀರಿಗೆ ಇಳಿಸಿ, ಪಿಎಚ್ 7.2ರ ಸುಮಾರಿಗೆ ತಂದ 10 ಶೇಕಡಾ ಇಡಿಟಿಎ ದ್ರಾವಣದಲ್ಲಿ ಕೆಲವು ದಿನ ಇಟ್ಟು ಸುಣ್ಣ ತೆಗೆದೇ ಮುಂದುವರಿಯಬೇಕು.

ನೀರು ತೆಗೆದು ಮೇಣ ತುಂಬುವುದು

6ರಿಂದ 10 ಮಿ.ಮೀ. ಭ್ರೂಣಕ್ಕೆ ಈ ಸರದಿ ಒಗ್ಗುತ್ತದೆ:

- 80 ಶೇಕಡಾ ಆಲ್ಕೋಹಾಲ್, 1 ಗಂಟೆ
- 90 ಶೇಕಡಾ, 1 ಗಂಟೆ
- 95 ಶೇಕಡಾ, 1 ಗಂಟೆ. ಇದರಲ್ಲಿ ಎರಡು ಹನಿ ಇಯೋಸಿನ್ ಎಂಬ ಕೆಂಪು ಬಣ್ಣ
- ಅಬ್ಸಲ್ಯೂಟ್ ಆಲ್ಕೋಹಾಲ್, 30ರಿಂದ 45 ನಿಮಿಷದ ಎರಡು ಬದಲಾವಣೆ
- ಝೈಲಿನ್, ಭ್ರೂಣ ಪಾರದರ್ಶಕವಾಗುವವರೆಗೆ. ಸಾಮಾನ್ಯವಾಗಿ 10ರಿಂದ 20 ನಿಮಿಷ
- 58ರಿಂದ 60 ಡಿಗ್ರಿಯಲ್ಲಿ ಕರಗಿದ ಪ್ಯಾರಾಫಿನ್ ಮೇಣ, 30ರಿಂದ 40 ನಿಮಿಷದ ಮೂರು ಬದಲಾವಣೆ

ಇಯೋಸಿನ್ ಹನಿಯನ್ನು ಬಿಡಬೇಡಿ. ಬಿಳಿ ಮೇಣದಲ್ಲಿ ಬಿಳಿ ಭ್ರೂಣವನ್ನು ಹುಡುಕುತ್ತಾ ದಿಕ್ಕು ತಪ್ಪುವುದು ಅದರಿಂದ ತಪ್ಪುತ್ತದೆ.

ಝೈಲಿನ್‌ನಲ್ಲಿ ಭ್ರೂಣವನ್ನು ಹಾಕಿ ಚಹಾ ಕುಡಿಯಲು ಹೋಗುವಂತಿಲ್ಲ. ಹೆಚ್ಚು ಹೊತ್ತಾದರೆ ಸಂಡಿಗೆಯಂತೆ ಗರಿಗರಿಯಾಗಿ, ಕತ್ತರಿಸುವಾಗ ಪುಡಿಯಾಗುತ್ತದೆ. ಸಮಯದ ಬಗ್ಗೆ ಭರವಸೆ ಇಲ್ಲದವರು ಮೀಥೈಲ್ ಬೆಂಝೊಯೇಟ್‌ನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಐದು ನಿಮಿಷ ಝೈಲಿನ್ ತೋರಿಸಿ ಮೇಣಕ್ಕೆ ಹಾಕಬಹುದು. ನಿಧಾನ, ಆದರೆ ಭ್ರೂಣ ಮೆದುವಾಗಿಯೇ ಉಳಿಯುತ್ತದೆ.

ಮಳೆಗಾಲದ ಒಂದು ಕಾಟವಿದೆ. ಮೊಟ್ಟೆ ಸಿಗುವುದೂ ಆಗಲೇ, ಗಾಳಿಯ ತೇವ ಹೀರಿ ಅಬ್ಸಲ್ಯೂಟ್ ಆಲ್ಕೋಹಾಲ್ ಹಾಳಾಗುವುದೂ ಆಗಲೇ. ಝೈಲಿನ್‌ಗೆ ಭ್ರೂಣ ಬಿದ್ದ ಕೂಡಲೇ ಸುತ್ತ ಹಾಲಿನಂತೆ ಮಸುಕಾದರೆ ನೀರು ಉಳಿದಿದೆ ಎಂದರ್ಥ. ಹಿಂದಕ್ಕೆ ಹೋಗಿ ಹೊಸ ಆಲ್ಕೋಹಾಲಿನಲ್ಲಿಡಿ. ಬಾಟಲಿಯ ತಳಕ್ಕೆ ಹುರಿದು ಬಿಳಿಯಾಗಿಸಿದ ಮೈಲುತುತ್ತದ ಪುಡಿಯನ್ನು ಹಾಕಿ ಮೇಲೆ ಫಿಲ್ಟರ್ ಕಾಗದ ಮುಚ್ಚಿಟ್ಟರೆ, ನೀರು ಸೇರುತ್ತಲೇ ಅದು ನೀಲಿಯಾಗಿ ಸುಳಿವು ಕೊಡುತ್ತದೆ. ನೀರು ಉಳಿಸಿಕೊಂಡೇ ಮೇಣಕ್ಕೆ ಹೋದ ಭ್ರೂಣದ ನಡುಭಾಗ ಮೆತ್ತಗೆ ಉಳಿದು, ಸೆಕ್ಷನ್ನಿನಲ್ಲಿ ಸರಿಯಾಗಿ ಗೊನ್ಯಾಡ್ ಇರಬೇಕಾದ ಜಾಗದಲ್ಲಿ ತೂತು ಬೀಳುತ್ತದೆ.

ಅಚ್ಚಿಗೆ ಎರಡು ‘ಎಲ್’ ಆಕಾರದ ಹಿತ್ತಾಳೆ ತುಂಡುಗಳನ್ನು ಜೋಡಿಸಿ ಮೇಣ ಸುರಿಯಿರಿ. ತಳದಲ್ಲಿ ತೆಳ್ಳಗೆ ಪದರ ಹೆಪ್ಪುಗಟ್ಟಿದೊಡನೆ ಬಿಸಿ ಸೂಜಿಯಿಂದ ಭ್ರೂಣವನ್ನು ಕೂರಿಸಿ. ಅಡ್ಡ ಸೆಕ್ಷನ್ ಬೇಕಾದರೆ ಬೆನ್ನುಹುರಿ ಬ್ಲೇಡಿಗೆ ಲಂಬವಾಗಿರಬೇಕು. ಭ್ರೂಣ ‘ಸಿ’ಯಂತೆ ಬಾಗಿರುವುದರಿಂದ ಇಡೀ ದೇಹಕ್ಕೆ ಇದು ಸಾಧ್ಯವಿಲ್ಲ. ನಿಮಗೆ ಬೇಕಾದ ಭಾಗ, ಇಲ್ಲಿ ಮುಂಗಾಲು ಹಿಂಗಾಲುಗಳ ನಡುವಿನ ಮುಂಡ, ನೆಟ್ಟಗಿದ್ದರೆ ಸಾಕು. ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಗಟ್ಟಿಯಾದ ಮೇಣದ ಬ್ಲಾಕಿನ ಬದಿಯಲ್ಲಿ ಆಗಲೇ ಗೀರಿ. ನೆನಪಿನಲ್ಲಿಟ್ಟುಕೊಳ್ಳುತ್ತೇವೆ ಎಂದವರಿಗೆ ಎಡ-ಬಲ ಅದಲುಬದಲಾಗುವುದು ಖಂಡಿತ.

ಕತ್ತರಿಸುವುದು, ಲೆಕ್ಕ ಇಡುವುದು

ಮೊದಲು ಗಣಿತ. ಮುಂಡದ 3 ಮಿ.ಮೀ. ಭಾಗವನ್ನು 6 ಮೈಕ್ರಾನಿಗೆ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕತ್ತರಿಸಿದರೆ 500 ಸೆಕ್ಷನ್. ಸೆಕ್ಷನ್ನುಗಳು ಒಂದಕ್ಕೊಂದು ಅಂಟಿ ಬರುವ ಪಟ್ಟಿಯ, ಅಂದರೆ ರಿಬ್ಬನ್ನಿನ, ಉದ್ದಕ್ಕೆ ಒಂದೊಂದು 2.5 ಮಿ.ಮೀ. ಹಿಡಿದರೆ, 50 ಮಿ.ಮೀ. ಕವರ್‌ಸ್ಲಿಪ್ಪಿನ ಕೆಳಗೆ ಒಂದು ಸಾಲಿಗೆ 20. ಮೂರು ಸಾಲಿಗೆ 60. ಒಂಬತ್ತು ಸ್ಲೈಡುಗಳು. ಅಷ್ಟನ್ನೂ ಸಂಖ್ಯೆ ಹಾಕಿ, ಒರೆಸಿ, ಮೇಯರ್ ಆಲ್ಬುಮಿನ್ ಎಂಬ ಅಂಟು ಸವರಿ ಸಿದ್ಧ ಮಾಡಿಕೊಂಡೇ ಮೈಕ್ರೋಟೋಮಿನ (ಸೆಕ್ಷನ್ ಕತ್ತರಿಸುವ ಯಂತ್ರದ) ಚಕ್ರ ತಿರುಗಿಸಬೇಕು. ಆಲ್ಬುಮಿನ್ ಅಂದರೆ ಮೊಟ್ಟೆಯ ಬಿಳಿ 50 ಮಿ.ಲೀ., ಗ್ಲಿಸರಿನ್ 50 ಮಿ.ಲೀ., ಕೆಡದಿರಲು ಸೋಡಿಯಂ ಸ್ಯಾಲಿಸಿಲೇಟ್ 1 ಗ್ರಾಂ. ಬೆರಳ ತುದಿಯಿಂದ ಸವರಿ ಬಹುತೇಕ ಒರೆಸಿಯೇ ಬಿಡಿ. ದಪ್ಪವಾದರೆ ಅದೂ ಬಣ್ಣ ಹಿಡಿದು ಹಿನ್ನೆಲೆ ಕೊಳಕಾಗುತ್ತದೆ.

ಸ್ಲೈಡಿನಲ್ಲಿ ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಕ್ಕೆ, ಪುಸ್ತಕ ಓದುವಂತೆ ಜೋಡಿಸಿ. ರಿಬ್ಬನ್ನಿಗೆ ಎರಡು ಮೈ: ಹೊಳೆಯುವುದು ಬ್ಲೇಡಿನ ಕಡೆಯದು, ಅದು ಸೆಕ್ಷನ್ ತೇಲಿಸುವ ಬಿಸಿನೀರಿಗೆ ತಾಗಬೇಕು. ಒಂದು ತುಂಡು ಮಗುಚಿದರೂ ಆ ಇಪ್ಪತ್ತು ಸೆಕ್ಷನ್‌ಗಳಲ್ಲಿ ಎಡ ಬಲವಾಗುತ್ತದೆ. ಹರಿದುಹೋದ ಸೆಕ್ಷನ್ನಿಗೂ ನೋಟ್‌ಬುಕ್ಕಿನಲ್ಲಿ ಸಂಖ್ಯೆ ಕೊಡಿ. 212 ಹಾಳಾದರೆ ಮುಂದಿನದು 213, 212 ಅಲ್ಲ.

ರಿಬ್ಬನ್ ಬಿಲ್ಲಿನಂತೆ ಬಾಗುತ್ತಿದ್ದರೆ ಬ್ಲಾಕಿನ ಮೇಲಿನ ಮತ್ತು ಕೆಳಗಿನ ಅಂಚು ಸಮಾನಾಂತರವಾಗಿಲ್ಲ, ಮತ್ತೆ ಚೌಕ ಮಾಡಿ. ಒಂದು ದಪ್ಪ ಒಂದು ತೆಳು ಬರುತ್ತಿದ್ದರೆ ಬ್ಲಾಕೋ ಬ್ಲೇಡೋ ಸಡಿಲ, ಅಥವಾ ಬ್ಲೇಡಿನ ಓರೆ ಸಾಲದು. ಉದ್ದ ಗೀರು ಎಲ್ಲ ಸೆಕ್ಷನ್ನಿನಲ್ಲೂ ಒಂದೇ ಕಡೆ ಇದ್ದರೆ ಬ್ಲೇಡಿಗೆ ಕಚ್ಚು ಬಿದ್ದಿದೆ, ಪಕ್ಕಕ್ಕೆ ಸರಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೇಣ ಮೆದುವಾಗಿ ಸೆಕ್ಷನ್ ಮುದುಡಿ ಬರುತ್ತದೆ, ಬ್ಲಾಕಿನ ಮುಖಕ್ಕೆ ಮಂಜುಗಡ್ಡೆ ಒತ್ತಿ ಒರೆಸಿ ಕತ್ತರಿಸಿ. ಮಲೆನಾಡಿನ ಜುಲೈ ಚಳಿಯಲ್ಲಿ ಇದಕ್ಕೆ ಉಲ್ಟಾ: ರಿಬ್ಬನ್ನೇ ಕೂಡದೆ ಬಿಡಿಬಿಡಿ ಉದುರಿದರೆ ಬ್ಲಾಕಿನ ಮೇಲೆ ಉಸಿರು ಬಿಟ್ಟರೂ ಸಾಕಾಗುತ್ತದೆ. ನೀರಿನ ಪಾತ್ರೆ 42ರಿಂದ 45 ಡಿಗ್ರಿ ಇರಲಿ. ಸೆಕ್ಷನ್ ನೀರಿಗೆ ಬಿದ್ದೊಡನೆ ಚದುರಿಹೋದರೆ ನೀರು ಹೆಚ್ಚು ಬಿಸಿ, ಇಲ್ಲವೇ ಮೇಣ ಒಳಗೆ ಹೊಕ್ಕಿಲ್ಲ. ಸ್ಲೈಡುಗಳನ್ನು 37 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಅವಸರ ಮಾಡಿದರೆ ಬಣ್ಣದ ಜಾಡಿಯಲ್ಲಿ ಸಾಲುಸಾಲೇ ತೇಲಿಹೋಗುತ್ತವೆ.

ಬಣ್ಣ

ಝೈಲಿನ್‌ನಲ್ಲಿ ಮೇಣ ಕಳೆದು, ಶೇಕಡಾ ಇಳಿಸುತ್ತಾ ಹೋದ ಆಲ್ಕೋಹಾಲುಗಳ ಮೂಲಕ ನೀರಿಗೆ ತಂದು, ಕೋಶಕೇಂದ್ರಕ್ಕೆ ಬಣ್ಣ ಕೊಡುವ ಹ್ಯಾರಿಸ್ ಹೆಮಟಾಕ್ಸಿಲಿನ್‌ನಲ್ಲಿ 3ರಿಂದ 6 ನಿಮಿಷ. 70 ಶೇಕಡಾ ಆಲ್ಕೋಹಾಲಿಗೆ 1 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ್ದರಲ್ಲಿ ಒಂದೆರಡು ಅದ್ದು, ಕೂಡಲೇ ನಲ್ಲಿ ನೀರು. ಕೆಂಪು ಮಿಶ್ರಿತ ನೇರಳೆ ನೀಲಿಗೆ ತಿರುಗಬೇಕು. ಕ್ಷಾರ ಇರುವ ಬೋರ್‌ವೆಲ್ ನೀರಿನಲ್ಲಿ ಇದು ಕೆಲವೇ ನಿಮಿಷದ ಮಾತು. ಆರ್‌ಒ ನೀರಿನಲ್ಲಿ ಎಷ್ಟು ಹೊತ್ತಿಟ್ಟರೂ ಆಗುವುದಿಲ್ಲ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ನಂತರ ಇಯೋಸಿನ್ 1ರಿಂದ 2 ನಿಮಿಷ, ಆಲ್ಕೋಹಾಲ್, ಝೈಲಿನ್, ಕೊನೆಗೆ ಕವರ್‌ಸ್ಲಿಪ್ ಕೂರಿಸುವ ಅಂಟು ಡಿಪಿಎಕ್ಸ್. ಭ್ರೂಣದ ಕೋಶಗಳು ಒತ್ತೊತ್ತಾಗಿ ಇರುವುದರಿಂದ ಹೆಮಟಾಕ್ಸಿಲಿನ್ ಸ್ವಲ್ಪ ತಿಳಿಯಾಗಿಯೇ ಇರಲಿ. ಗಾಢವಾದರೆ ಎಲ್ಲವೂ ನೇರಳೆ ಹಿಂಡಿಯಂತೆ ಕಾಣುತ್ತದೆ. ಒಂಬತ್ತನ್ನೂ ಒಟ್ಟಿಗೆ ಮುಳುಗಿಸದೆ ಅಂಚಿನ ಒಂದು ಸ್ಲೈಡನ್ನು ಮೊದಲು ಮಾಡಿ ಸಮಯ ನಿಗದಿ ಮಾಡಿಕೊಳ್ಳಿ.

ಓದುವುದು

ಕಡಿಮೆ ವರ್ಧನೆಯಲ್ಲಿ ಮುಂಡದ ಒಂದು ಅಡ್ಡ ಸೆಕ್ಷನ್ ಹಿಡಿಯಿರಿ. ಬೆನ್ನಿನ ಕಡೆ ನರನಾಳ, ಅದರ ಕೆಳಗೆ ದುಂಡನೆಯ ನೋಟೊಕಾರ್ಡ್ (ಬೆನ್ನೆಲುಬಿಗೂ ಮೊದಲು ಮೂಡುವ ಆಧಾರದಂಡ), ಅದರ ಕೆಳಗೆ ರಕ್ತಕಣ ತುಂಬಿದ ಮಹಾಧಮನಿ. ಅದರ ಎರಡೂ ಪಕ್ಕ, ದೇಹಕುಹರದೊಳಗೆ ಉಬ್ಬಿ ನಿಂತದ್ದು ಮೀಸೊನೆಫ್ರಾಸ್, ಭ್ರೂಣಕಾಲದ ಮೂತ್ರಪಿಂಡ: ಅಡ್ಡ ಕತ್ತರಿಸಿದ ನಳಿಕೆಗಳ ಗುಂಪು, ನಡುವೆ ಲೋಮನಾಳಗಳ ಉಂಡೆಗಳು. ಅದರ ಹೊರ ಅಂಚಿಗೆ ಅದರ ಮೂತ್ರ ಸಾಗಿಸುವ ವೋಲ್ಫಿಯನ್ ನಾಳ. ಮಹಾಧಮನಿಯ ಕಡೆಗಿರುವ ಒಳ ಅಂಚಿನಲ್ಲಿ ಹೊದಿಕೆಯ ಕೋಶಪದರ ದಪ್ಪವಾಗಿ ಏಣಿನಂತೆ ಎದ್ದಿದ್ದರೆ ಅದೇ ಗೊನ್ಯಾಡಿನ ಆರಂಭ.

ಅಲ್ಲಿ ನಿಂತು ವರ್ಧನೆ ಏರಿಸಿ. ಪಕ್ಕದ ಕೋಶಗಳಿಗಿಂತ ಎದ್ದು ಕಾಣುವಷ್ಟು ದೊಡ್ಡ, ತಿಳಿಯಾದ, ದುಂಡು ಕೇಂದ್ರವಿರುವ ಕೋಶಗಳು ಸಂತಾನಕೋಶಗಳು. ಮೊದಲಿನ ಹಂತಗಳಲ್ಲಿ ಅವುಗಳೊಳಗೆ ಹಳದಿಯ ಹರಳುಗಳೂ ಉಳಿದಿರುತ್ತವೆ. ಮೊದಮೊದಲು ಎಲ್ಲ ಭ್ರೂಣಗಳಲ್ಲೂ ಗೊನ್ಯಾಡಿಗೆ ಹೊರಪದರ ಮತ್ತು ಒಳತಿರುಳು ಎರಡೂ ಇರುತ್ತವೆ. ಮುಂದೆ ತಿರುಳಿನ ಕೋಶಸಾಲುಗಳು ಬಲಿತು, ಸಂತಾನಕೋಶಗಳು ಅವುಗಳೊಳಗೆ ಸೇರಿ, ಹೊರಪದರ ಒಂದೇ ಸಾಲಿಗೆ ತೆಳುವಾದರೆ ವೃಷಣದ ದಾರಿ. ಹೊರಪದರ ದಪ್ಪವಾಗಿ ಸಂತಾನಕೋಶಗಳು ಅಲ್ಲೇ ನೆಲೆಸಿ, ತಿರುಳು ಸಡಿಲವಾಗಿ ಟೊಳ್ಳಾದರೆ ಅಂಡಾಶಯದ ದಾರಿ.

ಇಲ್ಲಿ ಮೂರು ತಪ್ಪುಗಳು ಪದೇಪದೇ ಆಗುತ್ತವೆ.

ಅಡ್ರಿನಲ್ ಗ್ರಂಥಿಯ ಕೋಶಸಾಲುಗಳು ಗೊನ್ಯಾಡಿಗೆ ತೀರ ಹತ್ತಿರ, ಅದರ ಬೆನ್ನಿನ ಕಡೆಗೆ ಇರುತ್ತವೆ. ವೃಷಣದ ಸಾಲುಗಳೆಂದು ಗುರುತು ಹಾಕಿಬಿಡುವವರು ಬಹಳ. ಅಡ್ರಿನಲ್ ಸಾಲುಗಳ ನಡುವೆ ರಕ್ತಕುಳಿಗಳು ತುಂಬಿರುತ್ತವೆ, ಸಂತಾನಕೋಶ ಒಂದೂ ಇರುವುದಿಲ್ಲ.

ಎರಡನೆಯದು, ‘ಒಂದೇ ಗೊನ್ಯಾಡ್ ಇದೆ’ ಎಂಬ ವರದಿ. ಹಲ್ಲಿ ಜಾತಿಗಳಲ್ಲಿ ಸಾಮಾನ್ಯವಾಗಿ ಬಲ ಗೊನ್ಯಾಡ್ ಎಡದ್ದಕ್ಕಿಂತ ಮುಂದೆ, ತಲೆಯ ಕಡೆಗೆ ಇರುತ್ತದೆ. ಸೆಕ್ಷನ್ 180ರಲ್ಲಿ ಬಲಗಡೆ ಮಾತ್ರ ಕಂಡರೆ ಎಡದ್ದು 200ರಲ್ಲೋ 220ರಲ್ಲೋ ಶುರುವಾದೀತು. ಬ್ಲಾಕ್ ಓರೆಯಾಗಿ ಕೂತಿದ್ದರೂ ಹೀಗೇ ಕಾಣುತ್ತದೆ. ಎಡ-ಬಲದ ಕೈಕಾಲುಗಳೋ ಬೆನ್ನಿನ ನರಗಂಟುಗಳೋ ಒಂದೇ ಸೆಕ್ಷನ್ನಿನಲ್ಲಿ ಬರುತ್ತಿವೆಯೇ ನೋಡಿ, ಆಗ ಓರೆಯೋ ನಿಜವೋ ತಿಳಿಯುತ್ತದೆ.

ಮೂರನೆಯದು ಮುಲ್ಲೇರಿಯನ್ ನಾಳ, ಹೆಣ್ಣಿನಲ್ಲಿ ಮುಂದೆ ಅಂಡನಾಳವಾಗುವಂಥದ್ದು. ಅದು ಮೀಸೊನೆಫ್ರಾಸಿನ ಮುಂತುದಿಯಲ್ಲಿ ಹೊದಿಕೆ ಒಳಮಡಚಿ ಹುಟ್ಟಿ, ವೋಲ್ಫಿಯನ್ ನಾಳದ ಜೊತೆಜೊತೆಗೆ ಹಿಂದಕ್ಕೆ ಬೆಳೆಯುತ್ತದೆ. ಮೊದಲಿಗೆ ಹೆಣ್ಣು ಗಂಡು ಎರಡರಲ್ಲೂ ಇರುತ್ತದೆ, ಗಂಡಿನಲ್ಲಿ ನಂತರ ಕುಗ್ಗುತ್ತದೆ. ಹಿಂಭಾಗದ ಒಂದು ಸೆಕ್ಷನ್ನಿನಲ್ಲಿ ಅದಿಲ್ಲದ್ದನ್ನು ಕಂಡು ‘ಗಂಡು’ ಎಂದು ಬರೆದರೆ, ನಾಳ ಇನ್ನೂ ಅಲ್ಲಿಗೆ ತಲುಪಿಯೇ ಇಲ್ಲದ ಹೆಣ್ಣಿರಬಹುದು. ಮುಂತುದಿಯಿಂದ ಹಿಡಿದು ಎಲ್ಲಿಯವರೆಗೆ ಇದೆ ಎಂದು ಸೆಕ್ಷನ್ ಸಂಖ್ಯೆಯಲ್ಲೇ ಬರೆಯಿರಿ.

ಉದ್ದದ ಅಳತೆಗೂ ಇದೇ ಸಂಖ್ಯೆ ಸಾಕು. ಗೊನ್ಯಾಡ್ 180ರಿಂದ 329ರವರೆಗೆ ಕಂಡರೆ 150 ಸೆಕ್ಷನ್, ಗುಣಿಸು 6, ಅಂದರೆ 900 ಮೈಕ್ರಾನ್. ಫಿಕ್ಸ್ ಮಾಡಿ ಮೇಣ ತುಂಬುವಾಗ ಅಂಗಾಂಶ ಕುಗ್ಗಿರುವುದರಿಂದ ಇದನ್ನು ಜೀವಂತ ಅಳತೆ ಎನ್ನಬೇಡಿ. ಒಂದೇ ವಿಧಾನದಲ್ಲಿ ಮಾಡಿದ ಭ್ರೂಣಗಳ ನಡುವೆ ಹೋಲಿಸಿ.

ಸಂತಾನಕೋಶ ಎಣಿಸುವಾಗ ಒಂದು ಕೋಶಕೇಂದ್ರ ಎರಡು ಮೂರು ಸೆಕ್ಷನ್ನಿನಲ್ಲಿ ಕಾಣಿಸಿಕೊಂಡು ಲೆಕ್ಕ ಉಬ್ಬುತ್ತದೆ. ಅಬರ್‌ಕ್ರೋಂಬಿ 1946ರಲ್ಲಿ ಕೊಟ್ಟ ತಿದ್ದುಪಡಿ ಸರಳ: ಎಣಿಸಿದ ಸಂಖ್ಯೆಯನ್ನು ಸೆಕ್ಷನ್ನಿನ ದಪ್ಪದಿಂದ ಗುಣಿಸಿ, ದಪ್ಪ ಮತ್ತು ಕೇಂದ್ರದ ವ್ಯಾಸದ ಮೊತ್ತದಿಂದ ಭಾಗಿಸಿ. 200 ಎಣಿಸಿದ್ದೀರಿ, ದಪ್ಪ 6, ವ್ಯಾಸ 9 ಮೈಕ್ರಾನ್ ಎನ್ನಿ. 1,200ನ್ನು 15ರಿಂದ ಭಾಗಿಸಿದರೆ 80. ಇನ್ನೂರು ಎಂಬತ್ತಾಗುವುದು ಸಣ್ಣ ವ್ಯತ್ಯಾಸವಲ್ಲ. ತಿದ್ದಿದ್ದೀರೋ ಇಲ್ಲವೋ ಎಂಬುದನ್ನು ಕೋಷ್ಟಕದ ಕೆಳಗೆ ಬರೆಯಿರಿ.

ಇನ್ನು ಮೆಟನೆಫ್ರಾಸ್, ಅಂದರೆ ಬೆಳೆದ ಪ್ರಾಣಿಯ ಮೂತ್ರಪಿಂಡ, ಕೊನೆಯ ಸ್ಲೈಡುಗಳಲ್ಲಿ ಸಿಗುತ್ತದೆ. ಬಾಲದ ಕಡೆಯಿಂದ ತಲೆಯ ಕಡೆಗೆ ಓದುತ್ತಾ ಬನ್ನಿ: ಕ್ಲೊಯಾಕದ (ಮಲ, ಮೂತ್ರ ಎರಡಕ್ಕೂ ಇರುವ ಒಂದೇ ಹೊರದಾರಿಯ) ಹತ್ತಿರ ವೋಲ್ಫಿಯನ್ ನಾಳದಿಂದ ಬೆನ್ನಿನ ಕಡೆಗೆ ಒಂದು ಮೊಗ್ಗು ಕವಲೊಡೆಯುವುದು, ಅದರ ತುದಿಗೆ ಟೋಪಿಯಂತೆ ಕೋಶಗಳು ಒತ್ತೊತ್ತಾಗಿ ಸೇರುವುದು ಕಾಣುತ್ತದೆ. ಮೊಟ್ಟೆಯೊಳಗೆ ಇರುವಷ್ಟು ಕಾಲ ಕೆಲಸ ಮಾಡುವುದು ಮೀಸೊನೆಫ್ರಾಸೇ. ಮರಿ ಹೊರಬಂದ ಮೇಲೂ ಕೆಲಕಾಲ ಅದು ಉಳಿದಿರುತ್ತದೆ, ಆದ್ದರಿಂದ ಕೊನೆಯ ಹಂತದ ಭ್ರೂಣದಲ್ಲಿ ಎರಡೂ ಒಟ್ಟಿಗೆ ಕಂಡರೆ ಹಂತ ತಪ್ಪಿತೇನೋ ಎಂದು ಸ್ಲೈಡು ಬದಲಿಸಬೇಡಿ.